ಹಿರಿಯರ ಅಹವಾಲಿಗೆ ಎ.ಸಿ. ಕಚೇರಿಯ ಬಾಗಿಲು

ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ ತಿಂಗಳಲ್ಲಿ. ಅದೇ ವರ್ಷದ ಏಪ್ರಿಲ್ 1ರಂದು ಕರ್ನಾಟಕದಲ್ಲಿ ತಂದೆ–ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007 ಜಾರಿಗೆ ಬಂತು. ಮೊದಲನೆಯದರಿಂದ ಭೂಮಿಗೆ ಬಂದ ಬೆಲೆ ಸುತ್ತಲಿನ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತು. ಎರಡನೆಯದು ಯಾರಿಗಾಗಿ ಬಂತೋ ಅವರಲ್ಲೇ ಎಷ್ಟೋ ಜನರ ಕಿವಿಗೆ ಇನ್ನೂ ಬಿದ್ದಿಲ್ಲ.

ಜಮೀನಿಗೆ ಬೆಲೆ ಬಂದ ಕಡೆ ಮುದುಕರ ಹೆಬ್ಬೆಟ್ಟಿಗೂ ಬೆಲೆ ಬರುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ದಾನಪತ್ರ ನೋಂದಣಿಯಾಗುತ್ತದೆ, ಪಹಣಿಯಲ್ಲಿ ಹೆಸರು ಬದಲಾಗುತ್ತದೆ. ಆಮೇಲೆ ಕೆಲವು ಮನೆಗಳಲ್ಲಿ ಅಜ್ಜಿಯ ಊಟ ತಡವಾಗತೊಡಗುತ್ತದೆ, ಬಿ.ಪಿ. ಮಾತ್ರೆ ಮುಗಿದರೆ ತರುವವರಿರುವುದಿಲ್ಲ, ಹಾಸಿಗೆ ನಡುಮನೆಯಿಂದ ಕೊಟ್ಟಿಗೆಯ ಕಡೆಗೆ ಸರಿಯುತ್ತದೆ. ಹೊಡೆತದ ಗಾಯ ನಾಲ್ಕು ಜನರಿಗೆ ಕಾಣುತ್ತದೆ. ಈ ಬಗೆಯ ಅಲಕ್ಷ್ಯ ಕಾಣುವುದಿಲ್ಲ. ‘ಮನೆ ವಿಷಯ, ನಮಗ್ಯಾಕೆ’ ಎಂದು ನೆರೆಯವರೂ ಸುಮ್ಮನಾಗುತ್ತಾರೆ.

ಇಂಥ ಅಹವಾಲು ಕೇಳಲೆಂದೇ ಇರುವುದು ಹಿರಿಯ ನಾಗರಿಕರ ನ್ಯಾಯಮಂಡಳಿ. ದೇವನಹಳ್ಳಿ ಸೇರಿದಂತೆ ನಮ್ಮ ಜಿಲ್ಲೆಯ ನಾಲ್ಕೂ ತಾಲ್ಲೂಕು ದೊಡ್ಡಬಳ್ಳಾಪುರ ಉಪವಿಭಾಗಕ್ಕೆ ಸೇರಿವೆ. ಜನ ಎ.ಸಿ. ಸಾಹೇಬರು ಎನ್ನುವ ಉಪವಿಭಾಗಾಧಿಕಾರಿಯೇ ನ್ಯಾಯಮಂಡಳಿಯ ಅಧ್ಯಕ್ಷರು. ಮೇಲ್ಮನವಿ ಹೋಗುವುದು ಬೀರಸಂದ್ರದಲ್ಲಿರುವ ಜಿಲ್ಲಾಧಿಕಾರಿಗೆ. ನೋಟಿಸ್ ತಲುಪಿದ 90 ದಿನಗಳಲ್ಲಿ ತೀರ್ಮಾನವಾಗಬೇಕು. ಬೇಕಾದರೆ ಒಮ್ಮೆ ಮಾತ್ರ 30 ದಿನ ವಿಸ್ತರಣೆ. ತಿಂಗಳಿಗೆ 10,000 ರೂಪಾಯಿ ಮೀರದಂತೆ ಜೀವನಾಂಶ ಕೊಡಿಸಬಹುದು. ಹಿರಿಯರನ್ನು ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಆದರೆ ಆ ಶಿಕ್ಷೆ ವಿಧಿಸುವುದು ಮ್ಯಾಜಿಸ್ಟ್ರೇಟ್ ನ್ಯಾಯಾಲಯ.

ನಮ್ಮ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಈ ಕಾಯ್ದೆಯ 23ನೇ ಕಲಂ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿ, ನೋಡಿಕೊಳ್ಳದಿದ್ದರೆ ಹಿಂದಕ್ಕೆ ಬರುತ್ತದೆ. ಆ ಷರತ್ತು ಪತ್ರದಲ್ಲೇ ಇರಬೇಕೇ ಎಂಬುದೇ ತಕರಾರು. ಇರಬೇಕು ಎಂಬ ಧಾಟಿಯಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು; 2025ರ ಜನವರಿಯಲ್ಲಿ, ಹಿರಿಯರ ಹಿತ ಕಾಯುವಂತೆ ಕಾಯ್ದೆಯನ್ನು ಉದಾರವಾಗಿ ಓದಬೇಕು ಎಂದಿತು. ಈ ಜಿಜ್ಞಾಸೆಯ ನಡುವೆ ಎಪ್ಪತ್ತು ದಾಟಿದವರು ಸಿಲುಕಬಾರದು. ‘ದಾನ ಪಡೆದವರು ನನ್ನ ಜೀವಿತಾವಧಿಯವರೆಗೆ ಅನ್ನ, ಬಟ್ಟೆ, ವಸತಿ, ಔಷಧೋಪಚಾರ ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲನ್ನು ಪತ್ರ ಬರಹಗಾರರು ತಾವಾಗಿಯೇ ಸೇರಿಸುವ ರೂಢಿ ಬೆಳೆಯಬೇಕು. ಸಹಿ ಹಾಕುವ ಮುನ್ನ ಯಾರಾದರೂ ಅದನ್ನು ಹಿರಿಯರಿಗೆ ಓದಿ ಹೇಳಬೇಕು.

ಆದರೆ ಎ.ಸಿ. ಒಬ್ಬರಿಂದಲೇ ಏನೂ ಆಗದು. ಇಂಥ ಅಲಕ್ಷ್ಯ ಮೊದಲು ಕಣ್ಣಿಗೆ ಬೀಳುವುದು ಮನೆ ಮನೆ ಸುತ್ತುವ ಆಶಾ ಕಾರ್ಯಕರ್ತೆಗೆ, ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ (ವಿ.ಆರ್.ಡಬ್ಲ್ಯು.), ಪಿಂಚಣಿ ತಂದುಕೊಡುವ ಅಂಚೆಯಣ್ಣನಿಗೆ. ಸಂಧ್ಯಾ ಸುರಕ್ಷಾ ಪಿಂಚಣಿಯ ಹಣ ಬಂದ ದಿನವೇ ಅಜ್ಜನ ಕೈಯಿಂದ ಯಾರು ಕಿತ್ತುಕೊಳ್ಳುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಅವರು ಬಾಯಿಬಿಟ್ಟರೆ ಉಳಿದದ್ದು ಚಲಿಸುತ್ತದೆ. ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಇರುತ್ತದೆ, ಹೊಡೆದಾಟವಿದ್ದರೆ 112. ಹೆಂಗಸರ ಮೇಲೆ ಮನೆಯೊಳಗೆ ದೌರ್ಜನ್ಯ ನಡೆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಾದ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿ.ಡಿ.ಪಿ.ಒ.) ಬರಬೇಕು. ಅರ್ಜಿ ಬರೆಯಲು ತಾಲ್ಲೂಕು ಕಾನೂನು ಸೇವಾ ಸಮಿತಿಯ ನೆರವು ಸಿಗುತ್ತದೆ. ದಾನಪತ್ರ ರದ್ದಾದರೆ ಪಹಣಿ ತಿದ್ದುವುದು ಕಂದಾಯ ಇಲಾಖೆ.

ಈ ಕೊಂಡಿಗಳಲ್ಲಿ ಯಾವುದು ಕಳಚಿದರೂ ಆದೇಶ ಕಾಗದದಲ್ಲೇ ಉಳಿಯುತ್ತದೆ. ಜೀವನಾಂಶ ಕೊಡದ ಮಗನಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸುವ ಅಧಿಕಾರ ಮಂಡಳಿಗೆ ಇದೆ, ನಿಜ. ಆದರೆ ಹಣ ಬಂದಿಲ್ಲವೆಂದು ಮತ್ತೆ ಅರ್ಜಿ ಹಿಡಿದು ಹೋಗಬೇಕಾದವರು ಆ ತಾಯಿಯೇ. ಹೊಸಕೋಟೆಯಿಂದ ಬರುವವರು ದೇವನಹಳ್ಳಿ ದಾಟಿ ದೊಡ್ಡಬಳ್ಳಾಪುರ ತಲುಪುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಮೊಣಕಾಲು ನೋವಿನವರಿಗೆ ಇದು ಸಣ್ಣ ಮಾತಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ತಪ್ಪದೆ ವಿಚಾರಣೆ ನಡೆಯಲಿ, ಆದೇಶದ ಮರುತಿಂಗಳು ವಿ.ಆರ್.ಡಬ್ಲ್ಯು. ಆ ಮನೆಗೆ ಹೋಗಿ ಹಣ ಬಂತೇ ಎಂದು ಕೇಳಲಿ.

ಅರ್ಜಿಯನ್ನು ಹಿರಿಯರೇ ಕೊಡಬೇಕೆಂದಿಲ್ಲ. ಅವರಿಗೆ ಆಗದಿದ್ದರೆ ಅವರು ಒಪ್ಪಿದ ಯಾರಾದರೂ, ಯಾವುದೇ ಸಂಸ್ಥೆ ಕೊಡಬಹುದು. ಮಂಡಳಿ ತಾನೇ ದೂರು ದಾಖಲಿಸಿಕೊಳ್ಳಲೂಬಹುದು. ಮಕ್ಕಳಿಲ್ಲದವರ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರೂ ಅವರನ್ನು ಸಾಕುವ ಹೊಣೆಗೆ ಒಳಪಡುತ್ತಾರೆ.