ಸಂತಾನಹೀನತೆ: ಇಬ್ಬರ ಲೆಕ್ಕ

ನಮ್ಮ ಸಂಘದ ಸಮಾರಂಭಗಳಿಗೆ ಹೊಸದಾಗಿ ಮದುವೆಯಾದ ಹೆಣ್ಣುಮಗಳೊಬ್ಬಳು ಬಂದರೆ, ಕುಶಲ ಪ್ರಶ್ನೆಯ ಬೆನ್ನಿಗೇ 'ಏನಾದರೂ ವಿಶೇಷವುಂಟೇ?' ಎಂಬ ಪ್ರಶ್ನೆಯೂ ಬರುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ಆ ಪ್ರಶ್ನೆಯ ದನಿ ಬದಲಾಗುತ್ತದೆ. ಪಕ್ಕದಲ್ಲೇ ನಿಂತಿರುವ ಪತಿಯನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ. ನಾನು ವೈದ್ಯನಲ್ಲ, ಬ್ಯಾಂಕಿನ ಅಧಿಕಾರಿ. ಆದರೂ ಈ ವಿಷಯವನ್ನು ಕುರಿತು ಬರೆಯಲು ನನಗೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಗರ್ಭನಿರೋಧಕ ಕ್ರಮಗಳನ್ನು ಅನುಸರಿಸದೆ, ನಿಯಮಿತ ದಾಂಪತ್ಯ ಸಂಬಂಧವಿದ್ದೂ ಒಂದು ವರ್ಷದೊಳಗೆ ಗರ್ಭ ನಿಲ್ಲದಿದ್ದರೆ ವೈದ್ಯಶಾಸ್ತ್ರವು ಅದನ್ನು ಸಂತಾನಹೀನತೆ ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ವಯಸ್ಕರಲ್ಲಿ ಶೇಕಡಾ 17.5ರಷ್ಟು ಮಂದಿ, ಅಂದರೆ ಸುಮಾರು ಆರು ಜನರಲ್ಲಿ ಒಬ್ಬರು, ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಇದನ್ನು ಅನುಭವಿಸುತ್ತಾರೆ. ಸಿರಿವಂತ ದೇಶಗಳಿಗೂ ಬಡ ದೇಶಗಳಿಗೂ ಈ ಪ್ರಮಾಣದಲ್ಲಿ ಹೆಚ್ಚಿನ ಅಂತರವಿಲ್ಲ. ಇಷ್ಟು ವ್ಯಾಪಕವಾದುದನ್ನು ಒಂದು ಮನೆತನದ ಶಾಪವೆಂದು ಭಾವಿಸುವುದು ಸರಿಯಲ್ಲ.

ಇದರ ಕಾರಣಗಳು ಹಲವು. ಸ್ತ್ರೀಯರಲ್ಲಿ ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಕ್ರಮವಾಗಿ ಬಿಡುಗಡೆಯಾಗದಿರಬಹುದು, ಪಿ.ಸಿ.ಓ.ಎಸ್. ಎಂಬ ತೊಂದರೆ ಈ ವರ್ಗಕ್ಕೆ ಸೇರಿದ್ದು. ಸೋಂಕಿನಿಂದ ಗರ್ಭನಾಳಗಳು ಮುಚ್ಚಿಹೋಗಬಹುದು; ನಮ್ಮ ದೇಶದಲ್ಲಿ ಜನನಾಂಗಗಳ ಕ್ಷಯರೋಗವೂ ಇದಕ್ಕೊಂದು ಮುಖ್ಯ ಕಾರಣ. ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆ ಅಥವಾ ಚಲನಶಕ್ತಿ ಕುಂದಿರಬಹುದು. ವೃಷಣದ ರಕ್ತನಾಳಗಳ ಉಬ್ಬು, ಪ್ರಾಯಕ್ಕೆ ಬಂದ ಮೇಲೆ ತಗಲುವ ಮಂಗನಬಾವು, ತಂಬಾಕು, ಅತಿಯಾದ ಮದ್ಯಪಾನ, ಸ್ಥೂಲಕಾಯ ಇವೆಲ್ಲವೂ ಇದಕ್ಕೆ ಕಾರಣವಾಗಬಲ್ಲವು. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ದೋಷವು, ಅದೊಂದೇ ಆಗಿಯೋ ಪತ್ನಿಯ ದೋಷದೊಡನೆಯೋ, ಕಂಡುಬರುತ್ತದೆ. ಕೆಲವರಲ್ಲಿ ಎಲ್ಲ ಪರೀಕ್ಷೆಗಳ ನಂತರವೂ ಕಾರಣ ತಿಳಿಯುವುದಿಲ್ಲ.

ನಗರವಾಸಿಗಳಾದ ನಾವು ನೌಕರಿ ಖಾಯಂ ಆಗಲಿ, ಸ್ವಂತ ಮನೆಯಾಗಲಿ ಎಂದು ಕಾಯುತ್ತೇವೆ. ಆದರೆ ಸ್ತ್ರೀಗೆ 35 ವರ್ಷ ದಾಟಿದ ಮೇಲೆ ಗರ್ಭಧಾರಣೆಯ ಸಾಧ್ಯತೆ ವೇಗವಾಗಿ ಇಳಿಯುತ್ತದೆ. ಅಂಥವರು ಒಂದು ವರ್ಷ ಕಾಯದೆ, ಆರು ತಿಂಗಳಲ್ಲೇ ವೈದ್ಯರನ್ನು ಕಾಣುವುದು ಲೇಸು.

ಪರೀಕ್ಷೆಗಳಲ್ಲಿ ಅತ್ಯಂತ ಸರಳವಾದುದು ಪುರುಷನ ವೀರ್ಯಪರೀಕ್ಷೆ. ಅದರಲ್ಲಿ ನೋವಿಲ್ಲ, ಶಸ್ತ್ರಕ್ರಿಯೆಯಿಲ್ಲ. ಮೊದಲ ಬಾರಿ ದೋಷ ಕಂಡರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ. ವೀರ್ಯಾಣು ರೂಪುಗೊಳ್ಳಲು ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ದುಶ್ಚಟ ಬಿಟ್ಟವರೂ ಫಲಕ್ಕಾಗಿ ಅಷ್ಟು ಕಾಲ ಕಾಯಬೇಕು. ಇನ್ನು ಚಿಕಿತ್ಸೆಯ ಮಾತು. ನಮ್ಮ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಪ್ರಯತ್ನದಿಂದ ಪ್ರನಾಳ ಶಿಶುವೊಂದು ಜನಿಸಿದುದು 1986ರ ಆಗಸ್ಟ್ 6ರಂದು. ಅಂದಿನಿಂದ ಈ ವಿದ್ಯೆ ಬಹಳ ಮುಂದುವರಿದಿದೆ. ಆದರೆ ವೆಚ್ಚ ಅಧಿಕ, ಪ್ರತಿ ಪ್ರಯತ್ನವೂ ಫಲಿಸುವುದಿಲ್ಲ. ಚಿಕಿತ್ಸಾಲಯವು 2021ರ ಕಾಯಿದೆಯಂತೆ ನೋಂದಣಿ ಪಡೆದಿದೆಯೇ ಎಂಬುದನ್ನು ವಿಚಾರಿಸಿಯೇ ಮುಂದುವರಿಯಬೇಕು.

ಈಗ ನನ್ನ ಅರಿಕೆ. ವಿವಾಹಾನಂತರದ ನಾಲ್ಕು ವರ್ಷ ನನ್ನ ಪತ್ನಿಯೊಬ್ಬಳೇ ಆಸ್ಪತ್ರೆಗಳ ಮೆಟ್ಟಿಲು ಹತ್ತಿಳಿದಳು. ಎಕ್ಸ್‌ರೇ, ಸ್ಕ್ಯಾನ್, ಚುಚ್ಚುಮದ್ದು, ಊರಿನ ಹಿರಿಯರು ಹೇಳಿದ ವ್ರತಗಳು ಎಲ್ಲವೂ ಆದವು. ಸಾಲದ ಅರ್ಜಿ ಬಂದರೆ ಪಾಲುದಾರರಿಬ್ಬರ ಲೆಕ್ಕವನ್ನೂ ನೋಡದೆ ಸಹಿ ಹಾಕದ ನಾನು, ಮನೆಯಲ್ಲಿ ಒಬ್ಬಳ ಲೆಕ್ಕವನ್ನೇ ಮತ್ತೆ ಮತ್ತೆ ತಪಾಸಣೆಗೆ ಒಪ್ಪಿಸಿದ್ದೆ. ಕೊನೆಗೆ ವೈದ್ಯೆಯೊಬ್ಬರು ನನ್ನನ್ನೂ ಪರೀಕ್ಷೆಗೆ ಕಳುಹಿಸಿದರು. ಮರುದಿನವೇ ವರದಿ ಬಂತು, ಕೊರತೆ ನನ್ನಲ್ಲಿತ್ತು. 'ಇದನ್ನು ಮೊದಲೇ ಮಾಡಿಸಬಹುದಿತ್ತಲ್ಲ' ಎಂದಷ್ಟೇ ಆಕೆ ನುಡಿದಳು. ಮುಂದೆ ಚಿಕಿತ್ಸೆ ಫಲಿಸಿದ್ದು ನಮ್ಮ ಭಾಗ್ಯ. ಆದರೆ ಆ ನಾಲ್ಕು ವರ್ಷಗಳನ್ನು ನಾನು ಆಕೆಗೆ ಮರಳಿಸಲಾರೆ.

ಆದುದರಿಂದ ತರುಣ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ: ವೈದ್ಯರ ಬಳಿಗೆ ಮೊದಲ ದಿನವೇ ಇಬ್ಬರೂ ಹೋಗಿರಿ. ಹಿರಿಯರಲ್ಲಿ ಇನ್ನೊಂದು ವಿನಂತಿ: ಮುಂದಿನ ಸಮಾರಂಭದಲ್ಲಿ ಆ ಹೆಣ್ಣುಮಗಳನ್ನು 'ಊಟವಾಯಿತೇ ಅಮ್ಮಾ?' ಎಂದಷ್ಟೇ ವಿಚಾರಿಸಿರಿ.