ವಿನ್‌ಸ್ಟನ್: ಒಂದು ಚಂಡಮಾರುತದ ಜೀವನಚರಿತ್ರೆ

ಫಿಜಿ ಎಂಬುದು ದಕ್ಷಿಣ ಶಾಂತಸಾಗರದಲ್ಲಿ ಚದುರಿ ಬಿದ್ದಿರುವ ಮುನ್ನೂರಕ್ಕೂ ಹೆಚ್ಚು ದ್ವೀಪಗಳ ದೇಶ. ಭೂಪಟದಲ್ಲಿ ಇದನ್ನು ಕಾಣಬೇಕಾದರೆ ಆಸ್ಟ್ರೇಲಿಯದ ಪೂರ್ವಕ್ಕೆ, ೧೮೦ ಡಿಗ್ರಿ ರೇಖಾಂಶದ ಬಳಿ ಹುಡುಕಬೇಕು. ದೂರದ ನಾಡಾದರೂ ನಮಗೆ ತೀರ ಪರಕೀಯವಲ್ಲ. ೧೮೭೯ರಿಂದ ೧೯೧೬ರವರೆಗೆ ಸುಮಾರು ೬೦,೦೦೦ ಮಂದಿ ಭಾರತೀಯರು ಕಲಕತ್ತೆ ಮತ್ತು ಮದರಾಸು ಬಂದರುಗಳಲ್ಲಿ ಹಡಗೇರಿ, ಕರಾರಿನ ಕೂಲಿಗಳಾಗಿ ಅಲ್ಲಿನ ಕಬ್ಬಿನ ತೋಟಗಳಿಗೆ ಹೋದರು. ಅವರ ಮೊಮ್ಮಕ್ಕಳು ಮರಿಮಕ್ಕಳು ಇಂದಿಗೂ ಅಲ್ಲಿ ಕಬ್ಬು ಬೆಳೆಯುತ್ತಾರೆ. ೨೦೧೬ನೆಯ ಇಸವಿಯ ಫೆಬ್ರವರಿ ೨೦ರಂದು ಈ ದ್ವೀಪಗಳ ಮೇಲೆ ಹಾದುಹೋದ ಚಂಡಮಾರುತಕ್ಕೆ ವಿನ್‌ಸ್ಟನ್ ಎಂದು ಹೆಸರು. ದಕ್ಷಿಣ ಗೋಳಾರ್ಧದಲ್ಲಿ ಅದುವರೆಗೆ ಅಳೆದ ಚಂಡಮಾರುತಗಳಲ್ಲೆಲ್ಲ ಅದೇ ಅತ್ಯಂತ ಪ್ರಬಲವಾದುದು. ಅದು ಹುಟ್ಟಿದ್ದು, ಬೆಳೆದದ್ದು, ಅಳಿದದ್ದು ಹೇಗೆಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಚಂಡಮಾರುತವು ಉಷ್ಣದಿಂದ ನಡೆಯುವ ಒಂದು ಯಂತ್ರ. ಅದರ ಒಲೆ ಸಮುದ್ರ. ಅದರ ಸೌದೆ ನೀರಿನ ಆವಿ. ಸಮುದ್ರದ ಮೇಲ್ಮೈ ಸುಮಾರು ೨೬.೫ ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಈ ಒಲೆ ಹೊತ್ತಿಕೊಳ್ಳಬಲ್ಲುದು. ಬೆಚ್ಚನೆಯ ತೇವಗಾಳಿ ಮೇಲೇರಿ ತಣ್ಣಗಾದಾಗ ಅದರಲ್ಲಿನ ಆವಿ ಮತ್ತೆ ನೀರಾಗುತ್ತದೆ. ಆಗ, ನೀರನ್ನು ಆವಿ ಮಾಡಲು ಮೊದಲು ವ್ಯಯವಾಗಿದ್ದ ಗುಪ್ತೋಷ್ಣವು ಹೊರಬೀಳುತ್ತದೆ. ಇದು ಎಷ್ಟೆಂದು ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಚದರ ಕಿಲೋಮೀಟರು ನೆಲದ ಮೇಲೆ ಒಂದೇ ಸೆಂಟಿಮೀಟರು ಮಳೆ ಬಿದ್ದರೆ, ಆ ನೀರಿನ ತೂಕ ಒಂದು ಕೋಟಿ ಕಿಲೋಗ್ರಾಂ. ಪ್ರತಿ ಕಿಲೋಗ್ರಾಮಿಗೆ ಸುಮಾರು ೨೪.೫ ಲಕ್ಷ ಜೌಲುಗಳಂತೆ ಹೊರಬಿದ್ದ ಶಕ್ತಿಯನ್ನು ವಿದ್ಯುತ್ತಿನ ಯೂನಿಟ್ಟುಗಳಿಗೆ ಪರಿವರ್ತಿಸಿದರೆ ಅದು ೬೮ ಲಕ್ಷ ಯೂನಿಟ್ಟುಗಳಾಗುತ್ತದೆ! ಚಂಡಮಾರುತವಾದರೋ ಸಹಸ್ರಾರು ಚದರ ಕಿಲೋಮೀಟರುಗಳ ಮೇಲೆ ಹತ್ತಾರು ಸೆಂಟಿಮೀಟರು ಮಳೆ ಸುರಿಸುತ್ತದೆ. ಈ ಉಷ್ಣದಲ್ಲಿ ಗಾಳಿಯ ಚಲನೆಯಾಗಿ ಮಾರ್ಪಡುವುದು ಅತ್ಯಲ್ಪ ಭಾಗ ಮಾತ್ರ. ಆ ಅಲ್ಪವೇ ಊರುಗಳನ್ನು ಕೆಡಹಲು ಸಾಕು.

ಗಾಳಿ ಮೇಲೇರಿದಲ್ಲಿ ವಾಯುಭಾರ ಕುಗ್ಗುತ್ತದೆ. ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೇರವಾಗಿ ನುಗ್ಗಲಾರದೆ, ದಕ್ಷಿಣ ಗೋಳಾರ್ಧದಲ್ಲಿ ಎಡಕ್ಕೆ ಬಾಗಿ, ಕೇಂದ್ರವನ್ನು ಪ್ರದಕ್ಷಿಣವಾಗಿ ಸುತ್ತತೊಡಗುತ್ತದೆ. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತಗಳು ಅಪ್ರದಕ್ಷಿಣವಾಗಿ ಸುತ್ತುವುದನ್ನು ವಾಚಕರು ಬಲ್ಲರು. ದಾರದ ತುದಿಗೆ ಕಲ್ಲನ್ನು ಕಟ್ಟಿ, ದಾರವನ್ನು ಒಂದು ಕೊಳವೆಯಲ್ಲಿ ಪೋಣಿಸಿ, ಕಲ್ಲನ್ನು ತಿರುಗಿಸುತ್ತ ದಾರವನ್ನು ಕೆಳಗಿನಿಂದ ಎಳೆದರೆ, ವೃತ್ತ ಚಿಕ್ಕದಾದಂತೆ ಕಲ್ಲಿನ ವೇಗ ಹೆಚ್ಚುತ್ತದೆ. ಒಳಮುಖವಾಗಿ ಬರುವ ಗಾಳಿಗೂ ಇದೇ ಗತಿ. ಕೊನೆಗೆ ಒಂದು ಮಿತಿಯಾಚೆ ಅದು ಒಳಗೆ ಬರಲಾರದೆ ಮೇಲಕ್ಕೇ ಏರುತ್ತದೆ. ನಡುವೆ ಉಳಿಯುವ ಶಾಂತ ಪ್ರದೇಶವೇ ಚಂಡಮಾರುತದ ಕಣ್ಣು. ಕಣ್ಣು ತಲೆಯ ಮೇಲೆ ಬಂದಾಗ ಗಾಳಿ ನಿಲ್ಲುತ್ತದೆ, ಕೆಲವೊಮ್ಮೆ ಆಕಾಶವೂ ತಿಳಿಯಾಗುತ್ತದೆ. ವಿಪತ್ತು ಕಳೆಯಿತೆಂದು ಹೊರಗೆ ಬಂದವರ ಮೇಲೆ, ಇನ್ನೊಂದು ಪಾರ್ಶ್ವದ ಗಾಳಿ ವಿರುದ್ಧ ದಿಕ್ಕಿನಿಂದ ಹಠಾತ್ತನೆ ಎರಗುತ್ತದೆ.

ವಿನ್‌ಸ್ಟನ್ ಮೊದಲಿಗೆ ಫೆಬ್ರವರಿ ೭ರ ಸುಮಾರಿಗೆ ವನುವಾಟು ದ್ವೀಪಗಳ ಬಳಿ ಕೇವಲ ಒಂದು ವಾಯುಭಾರ ಕುಸಿತವಾಗಿ ಕಾಣಿಸಿಕೊಂಡಿತು. ಫೆಬ್ರವರಿ ೧೧ರಂದು ಅದಕ್ಕೆ ಹೆಸರಿಟ್ಟರು. ಆಗ್ನೇಯಕ್ಕೆ ಸಾಗಿ ಬಲಿತು, ಮೇಲ್ಮಟ್ಟದ ಗಾಳಿಗಳ ಎಳೆತಕ್ಕೆ ಸಿಕ್ಕಿ ಕ್ಷೀಣಿಸಿತು. ಬಳಿಕ ಈಶಾನ್ಯಕ್ಕೆ ತಿರುಗಿ ಟೋಂಗಾ ದೇಶದ ವವಾವು ದ್ವೀಪಗಳ ಬಳಿ ಹಾದುಹೋಯಿತು. ಸಾಮಾನ್ಯವಾಗಿ ಅಲ್ಲಿಗೇ ಕಥೆ ಮುಗಿಯಬೇಕಿತ್ತು. ಆದರೆ ಚಂಡಮಾರುತಕ್ಕೆ ಸ್ವಂತ ಚುಕ್ಕಾಣಿಯಿಲ್ಲ. ಹೊಳೆಯಲ್ಲಿ ಸುಳಿಯು ತೇಲುವಂತೆ ಅದು ಸುತ್ತಲಿನ ಮಹಾವಾಯುಪ್ರವಾಹದಲ್ಲಿ ತೇಲುತ್ತದೆ. ದಕ್ಷಿಣದಲ್ಲಿ ಅಧಿಕ ವಾಯುಭಾರದ ಪ್ರದೇಶವೊಂದು ಬೆಳೆದುದರಿಂದ ಪ್ರವಾಹವೇ ದಿಕ್ಕು ಬದಲಿಸಿತು. ವಿನ್‌ಸ್ಟನ್ ನಿಂತು, ಹಿಂತಿರುಗಿ, ವವಾವುವನ್ನು ಎರಡನೆಯ ಬಾರಿ ಹಾದು, ನೇರ ಪಶ್ಚಿಮಕ್ಕೆ ಫಿಜಿಯ ಕಡೆ ಹೊರಟಿತು. ಎಲ್ ನಿನೋ ವರ್ಷವಾದುದರಿಂದ ದಾರಿಯ ಸಮುದ್ರವೂ ಬೆಚ್ಚಗಿತ್ತು.

ಅದರ ಕೇಂದ್ರದ ವಾಯುಭಾರ ೮೮೪ ಮಿಲಿಬಾರಿಗೆ ಇಳಿದಿತ್ತೆಂದು ಅಂದಾಜು ಮಾಡಿದ್ದಾರೆ. ಸಾಮಾನ್ಯ ವಾಯುಭಾರ ೧೦೧೩ ಮಿಲಿಬಾರು. ಒಂದು ಮಿಲಿಬಾರು ಕಡಿಮೆಯಾದರೆ ಸಮುದ್ರವು ಸುಮಾರು ಒಂದು ಸೆಂಟಿಮೀಟರು ಉಬ್ಬುತ್ತದೆ. ಆದುದರಿಂದ ಕಣ್ಣಿನ ಕೆಳಗೆ ಸಮುದ್ರವು ಆಳೆತ್ತರಕ್ಕೆ ತುಸು ಕಡಿಮೆ, ೧.೩ ಮೀಟರಿನಷ್ಟು ಉಬ್ಬಿರಬೇಕು. ಅದರ ಮೇಲೆ ಅಲೆಗಳು ಬೇರೆ. ಹತ್ತು ನಿಮಿಷಗಳ ಸರಾಸರಿ ಗಾಳಿಯ ವೇಗ ಗಂಟೆಗೆ ೨೮೦ ಕಿಲೋಮೀಟರು. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಈ ವೇಗದಲ್ಲಿ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು ೩೭೦ ಕಿಲೋಗ್ರಾಂ ಭಾರ ಬೀಳುತ್ತದೆ. ನಾಲ್ಕು ಮೀಟರು ಉದ್ದ, ಮೂರು ಮೀಟರು ಎತ್ತರದ ಗೋಡೆಯನ್ನು ನಾಲ್ಕು ಟನ್ನಿಗೂ ಮಿಕ್ಕಿದ ಬಲ ತಳ್ಳುತ್ತದೆ. ಇನ್ನು ಛಾವಣಿಯ ಮೇಲೆ ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡ ತಗ್ಗುವುದರಿಂದ ತಗಡಿನ ಮಾಡು ಮೇಲಕ್ಕೆ ಸೆಳೆಯಲ್ಪಡುತ್ತದೆ. ವಿಮಾನದ ರೆಕ್ಕೆಯನ್ನು ಎತ್ತುವ ಬಲವೇ ಬಡವನ ಮಾಡನ್ನು ಕೀಳುತ್ತದೆ!

ವನುವಾ ಬಲಾವು ದ್ವೀಪದಲ್ಲಿ ಗಂಟೆಗೆ ೩೦೬ ಕಿಲೋಮೀಟರಿನ ಬೀಸು ದಾಖಲಾಯಿತು. ಆಮೇಲೆ ಕೊರೋ ದ್ವೀಪ. ಸಂಜೆಯ ವೇಳೆಗೆ ವಿಟಿ ಲೆವು ಎಂಬ ಮುಖ್ಯ ದ್ವೀಪದ ಉತ್ತರದಲ್ಲಿರುವ ರಾಕಿರಾಕಿ. ಚಂಡಮಾರುತವು ನೆಲಕ್ಕೆ ಬಂದರೆ ಆವಿಯ ಸರಬರಾಜು ನಿಂತು ಸೊರಗುತ್ತದೆಂದು ಪಾಠದಲ್ಲಿ ನಾವು ಹೇಳುವುದುಂಟು. ಅದು ಭೂಖಂಡಗಳಿಗೆ ಒಪ್ಪುವ ಮಾತು. ಕೊರೋ ದ್ವೀಪದ ವಿಸ್ತೀರ್ಣ ಸುಮಾರು ನೂರು ಚದರ ಕಿಲೋಮೀಟರು ಮಾತ್ರ; ಅಷ್ಟು ನೆಲವನ್ನು ಆ ದೈತ್ಯ ಗಮನಿಸುವುದೇ ಇಲ್ಲ. ದ್ವೀಪವಾಸಿಗೆ ಒಳನಾಡೆಂಬುದೂ ಇಲ್ಲ, ಓಡಿಹೋಗಲು ಎಡೆಯೂ ಇಲ್ಲ. ಗಟ್ಟಿ ಕಟ್ಟಡವೊಂದೇ ಆಸರೆ. ಹಲವೆಡೆ ಆಸರೆಗೆಂದು ಗೊತ್ತುಮಾಡಿದ್ದ ಶಾಲೆಗಳೇ ಮಾಡು ಕಳೆದುಕೊಂಡವು.

ಫಿಜಿಯಲ್ಲಿ ೪೪ ಮಂದಿ ಸತ್ತರು. ಸುಮಾರು ೪೦,೦೦೦ ಮನೆಗಳು ಜಖಂಗೊಂಡವು ಇಲ್ಲವೆ ನಾಶವಾದವು. ಮೂರೂವರೆ ಲಕ್ಷ ಜನ, ಎಂದರೆ ದೇಶದ ನೂರಕ್ಕೆ ನಲವತ್ತು ಮಂದಿ, ತೊಂದರೆಗೀಡಾದರು. ಮರಣದ ಸಂಖ್ಯೆ ಇನ್ನೂ ಹೆಚ್ಚದಿರಲು ಎರಡು ಕಾರಣಗಳನ್ನು ಹೇಳಬಹುದು. ನಾಂದಿಯ ಹವಾಮಾನ ಕೇಂದ್ರದ ಮುನ್ಸೂಚನೆ ಜನರಿಗೆ ಮುಂಚಿತವಾಗಿ ತಲಪಿತ್ತು. ಸರಕಾರವು ಕರ್ಫ್ಯೂ ವಿಧಿಸಿತ್ತು. ಎರಡನೆಯದು ಭೂಗೋಳದ ಕೃಪೆ: ಜ್ವಾಲಾಮುಖಿಗಳಿಂದಾದ ಈ ದ್ವೀಪಗಳ ಅಂಚಿನಲ್ಲಿ ಕಡಲು ಬಹುಬೇಗ ಆಳವಾಗುವುದರಿಂದ ಗಾಳಿಯು ನೀರನ್ನು ಗುಡ್ಡೆ ಹಾಕಲಾರದು. ಬಂಗಾಳ ಕೊಲ್ಲಿಯ ತಲೆಭಾಗ ತೀರ ಆಳವಿಲ್ಲದ್ದು. ೧೯೭೦ರ ಭೋಲಾ ಚಂಡಮಾರುತದಲ್ಲಿ ಅಲ್ಲಿನ ತಗ್ಗಾದ ದ್ವೀಪಗಳನ್ನು ಸಮುದ್ರವೇ ನುಂಗಿ ಮೂರು ಲಕ್ಷ ಅಥವಾ ಹೆಚ್ಚು ಜನ ಮಡಿದರು. ಗಾಳಿಯ ಬಲದಲ್ಲಿ ಅದು ವಿನ್‌ಸ್ಟನ್‌ಗೆ ಸಮವಲ್ಲ.

ಫಿಜಿಯನ್ನು ದಾಟಿದ ಮೇಲೆ ವಿನ್‌ಸ್ಟನ್ ದಕ್ಷಿಣದ ತಂಪು ನೀರಿನಲ್ಲಿ ಸೊರಗಿತು. ಅದರ ಅವಶೇಷ ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನವರೆಗೆ ಅಲೆದು ಮಾರ್ಚ್ ಆರಂಭದಲ್ಲಿ ಅಳಿಸಿಹೋಯಿತು. ಆ ಹೆಸರನ್ನು ಮುಂದೆ ಯಾವ ಚಂಡಮಾರುತಕ್ಕೂ ಇಡದಂತೆ ಪಟ್ಟಿಯಿಂದ ತೆಗೆದರು. ರಾಕಿರಾಕಿಯ ಪೆನಾಂಗ್ ಸಕ್ಕರೆ ಕಾರ್ಖಾನೆ ಮತ್ತೆ ಆರಂಭವಾಗಲಿಲ್ಲ; ಅಲ್ಲಿನ ರೈತರು ತಮ್ಮ ಕಬ್ಬನ್ನು ದೂರದ ಕಾರ್ಖಾನೆಗೆ ಸಾಗಿಸಬೇಕಾಯಿತು. ಹೊರದ್ವೀಪಗಳ ರೈತನ ಪಾಡು ಇನ್ನೂ ಕಠಿನ. ಬಿದ್ದ ಮರಗೆಣಸನ್ನು ಒಂದು ವರ್ಷದೊಳಗೆ ಮತ್ತೆ ಬೆಳೆಯಬಹುದು. ಅಲ್ಲಿನವರು ಪಾನೀಯಕ್ಕಾಗಿ ಬೆಳೆಯುವ ಯಂಗೋನದ ಬೇರು ಬಲಿಯಲು ಮೂರು ನಾಲ್ಕು ವರ್ಷ ಬೇಕು. ಬುಡಮೇಲಾದ ತೆಂಗಿನ ಜಾಗದಲ್ಲಿ ನೆಟ್ಟ ಸಸಿ ಕಾಯಿ ಬಿಡಲು ಆರೇಳು ವರ್ಷ.