ಹಳೆಯ ಎಂಜಿನ್ನಿನ ಸಾಕ್ಷಿಗಳು

1983ರ ಡಿಸೆಂಬರಿನಲ್ಲಿ ಮಾರುತಿ 800 ನಮ್ಮ ದೇಶದ ಬೀದಿಗಿಳಿದಾಗ ಅದರ ಎಂಜಿನ್ನಿಗೆ ಗಾಳಿಯನ್ನೂ ಪೆಟ್ರೋಲನ್ನೂ ಬೆರೆಸಿ ಕೊಡುತ್ತಿದ್ದುದು ಕಾರ್ಬುರೇಟರು. 2000ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾದ ಕಾರಣ ಆ ಕಾರ್ಯವು ಎಂಪಿಎಫ್‌ಐ (ಮಲ್ಟಿ-ಪಾಯಿಂಟ್ ಫ್ಯುಯೆಲ್ ಇಂಜೆಕ್ಷನ್) ವ್ಯವಸ್ಥೆಯ ಪುಟ್ಟ ಕಂಪ್ಯೂಟರಿನ ಪಾಲಿಗೆ ಬಂದಿತು. ಈ ಕಂಪ್ಯೂಟರು ಎಂಜಿನ್ನನ್ನು ಸ್ವತಃ ಕಾಣಲಾರದು. ಸೆನ್ಸರುಗಳೆಂಬ ಸಾಕ್ಷಿಗಳು ನುಡಿದುದನ್ನೇ ನಂಬಿ ಪೆಟ್ರೋಲಿನ ಪ್ರಮಾಣವನ್ನು ನಿರ್ಣಯಿಸುತ್ತದೆ. ಇಪ್ಪತ್ತು ವರ್ಷ ದುಡಿದ ಕಾರಿನಲ್ಲಿ ಈ ಸಾಕ್ಷಿಗಳು ತಪ್ಪು ನುಡಿಯತೊಡಗಿದರೆ ಆಶ್ಚರ್ಯವಿಲ್ಲ.

ಯಾವ ಸೆನ್ಸರು ಯಾವುದನ್ನು ಅಳೆಯುತ್ತದೆಂಬುದನ್ನು ಅರಿತವನಿಗೆ ಅದರ ಸ್ಥಾನವು ಬಹುಮಟ್ಟಿಗೆ ತಾನಾಗಿಯೇ ಗೋಚರಿಸುತ್ತದೆ. ಆಕ್ಸಿಜನ್ ಸೆನ್ಸರು ಹೊಗೆ ಹೊರಡುವ ಕೊಳವೆಯಲ್ಲಿಯೂ, ಥ್ರಾಟಲ್ ಸೆನ್ಸರು ಆಕ್ಸಿಲರೇಟರ್ ಕೇಬಲ್ ಬಂದು ಸೇರುವ ಥ್ರಾಟಲ್ ಬಾಡಿಯ ಪಾರ್ಶ್ವದಲ್ಲಿಯೂ ಇರುತ್ತವೆ. ಕೂಲಂಟಿನ ಉಷ್ಣತೆಯನ್ನಳೆಯುವ ಸೆನ್ಸರನ್ನು ಥರ್ಮೋಸ್ಟಾಟಿನ ಆಸುಪಾಸಿನಲ್ಲಿ ಅರಸಬೇಕು. ಆದರೆ ಆ ಕಾಲದ ಹಲವು ಕಾರುಗಳಲ್ಲಿ ಇಂತಹವು ಎರಡು ಇರುವುದುಂಟು: ಒಂದೇ ವೈರಿನದು ಡ್ಯಾಶ್‌ಬೋರ್ಡಿನ ಮುಳ್ಳಿಗೆ, ಎರಡು ವೈರಿನದು ಕಂಪ್ಯೂಟರಿಗೆ. ಈ ಭೇದವನ್ನು ಗಮನಿಸದೆ ಒಳ್ಳೆಯದನ್ನೇ ಬಿಚ್ಚಿ ಎಸೆಯುವುದು ದುಡ್ಡಿಗೂ ಶ್ರಮಕ್ಕೂ ನಷ್ಟ.

ಕಂಪ್ಯೂಟರಿಗೆ ಸುದ್ದಿ ಕೊಡುವ ಈ ಎರಡು ವೈರಿನ ಸೆನ್ಸರಿನೊಳಗೆ ಇರುವುದು ಥರ್ಮಿಸ್ಟರು. ಬಿಸಿಯೇರಿದಂತೆಲ್ಲ ಅದರ ರೋಧವು ತಗ್ಗುತ್ತದೆ. 20 ಡಿಗ್ರಿಯಲ್ಲಿ ಸುಮಾರು 2,500 ಓಮ್ ಇದ್ದುದು 80 ಡಿಗ್ರಿಗೆ ಬರುವಷ್ಟರಲ್ಲಿ 300ರ ಆಸುಪಾಸಿಗೆ ಇಳಿಯುವುದು ಇಂತಹ ಅನೇಕ ಸೆನ್ಸರುಗಳ ಸ್ವಭಾವ. ವೈರು ಪೂರ್ಣವಾಗಿ ಕಡಿದುಹೋದರೆ ‘ಚೆಕ್ ಎಂಜಿನ್’ ದೀಪವು ಹೊತ್ತಿ ಎಚ್ಚರಿಸುತ್ತದೆ. ಮುಪ್ಪಡರಿದ ಸೆನ್ಸರು ಕಾದ ಎಂಜಿನ್ನನ್ನು ತಣ್ಣಗಿದೆಯೆಂದು ತಿಳಿಸತೊಡಗಿದಾಗಲಾದರೋ, ಆ ಅಂಕೆಯು ನಂಬಲರ್ಹವಾಗಿಯೇ ತೋರುವುದರಿಂದ, ದೀಪ ಹೊತ್ತದೆಯೂ ಇರಬಹುದು. ಕಂಪ್ಯೂಟರು ಪೆಟ್ರೋಲನ್ನು ಅಗತ್ಯಕ್ಕಿಂತ ಹೆಚ್ಚಾಗಿ ಸುರಿಯುತ್ತಲೇ ಇರುತ್ತದೆ, ಸೈಲೆನ್ಸರು ಕರಿಹೊಗೆ ಉಗುಳುತ್ತದೆ, ಮೈಲೇಜು ಇಳಿಯುತ್ತದೆ. ದೀಪವಿಲ್ಲದ ಈ ದೋಷವೇ ಹೆಚ್ಚು ಕೇಡಿನದೆಂದು ನನ್ನ ಅಭಿಪ್ರಾಯ.

ಹಾಗೆಂದು ಹೊಸ ಸೆನ್ಸರಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಧಾವಿಸಬೇಕಾಗಿಲ್ಲ. ಮೊದಲು ಕನೆಕ್ಟರನ್ನು ಬಿಚ್ಚಿ ನೋಡುವುದು ಯುಕ್ತ. ವರ್ಷಗಳ ಶಾಖಕ್ಕೆ ಅದರ ಪ್ಲಾಸ್ಟಿಕ್ ಲಾಕು ಪೆಡಸಾಗಿರುತ್ತದೆಯಾದ್ದರಿಂದ ವೈರನ್ನು ಹಿಡಿದು ಜಗ್ಗದೆ, ಲಾಕನ್ನು ಒತ್ತಿ ಮೆಲ್ಲನೆ ಕಳಚಬೇಕು. ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದ್ದರೆ ಅಪರಾಧವು ಸೆನ್ಸರಿನದಲ್ಲದಿರಬಹುದು. ಪಿನ್ನು ಶುದ್ಧವಾಗಿಯೇ ಇದ್ದಲ್ಲಿ ಸೆನ್ಸರನ್ನು ಹೊರತೆಗೆದು, ಅದರ ಮೂತಿಯಷ್ಟನ್ನೇ ಪಾತ್ರೆಯ ನೀರಿನಲ್ಲಿ ಅದ್ದಿ, ಪಕ್ಕದಲ್ಲಿ ಥರ್ಮಾಮೀಟರನ್ನು ಇಳಿಬಿಟ್ಟು, ನೀರು ಕಾಯುತ್ತಿರಲು ಮಲ್ಟಿಮೀಟರಿನ ಅಂಕೆಗಳು ಇಳಿಯುವುದನ್ನು ಕಾರಿನ ಸರ್ವಿಸ್ ಮ್ಯಾನ್ಯುಯಲ್ಲಿನ ಲೆಕ್ಕದೊಡನೆ ಹೋಲಿಸಬೇಕು.

ಹೊರತೆಗೆಯುವುದಂತೂ ಎಂಜಿನ್ ಪೂರ್ಣ ತಣಿದ ಮೇಲೆಯೇ. ಬಿಸಿಯಿರುವಾಗ ಒತ್ತಡದಲ್ಲಿರುವ ಕೂಲಂಟು ಚಿಮ್ಮಿ ಮೈ ಸುಡುತ್ತದೆ. ಆಕ್ಸಿಜನ್ ಸೆನ್ಸರು ಮಾತ್ರ ಇದಕ್ಕೆ ವಿರುದ್ಧ, ಕೊಳವೆ ತುಸು ಬೆಚ್ಚಗಿರುವಾಗ ಸುಲಭವಾಗಿ ಸಡಿಲುತ್ತದೆ. ಕೂಲಂಟಿನ ಸೆನ್ಸರಿಗಾದರೆ ಬ್ಯಾಟರಿಯ ನೆಗೆಟಿವ್ ಕಳಚಿ, ರೇಡಿಯೇಟರಿನಿಂದ ಸ್ವಲ್ಪ ಕೂಲಂಟನ್ನು ಇಳಿಸಿ, ಹಳೆಯದನ್ನು ಬಿಚ್ಚಬೇಕು. ಅದರ ಅಂಕೆಗಳು ಮ್ಯಾನ್ಯುಯಲ್ಲಿಗೆ ಹೊಂದದಿದ್ದರೆ ಹೊಸದನ್ನು ಹೊಸ ವಾಷರಿನೊಡನೆ ಮೊದಲು ಬೆರಳಿನಿಂದಲೇ ತಿರುಗಿಸಿ ಕೂರಿಸಬೇಕು. ಸೆನ್ಸರು ಕೂರುವ ಜಾಗದ ಅಲ್ಯೂಮಿನಿಯಂ ಮೃದುವಾದ್ದರಿಂದ ಮೊದಲಿಗೇ ಸ್ಪ್ಯಾನರ್ ಹಾಕಿದರೆ ತಿರುಪಿನ ಎಳೆ ಕೆಡುತ್ತದೆ. ಕೂಲಂಟು ತುಂಬಿ, ರೇಡಿಯೇಟರ್ ಫ್ಯಾನು ಒಮ್ಮೆ ತಿರುಗುವತನಕ ಎಂಜಿನ್ ಓಡಿಸಿ, ಸೆನ್ಸರಿನ ಬುಡದಲ್ಲಿ ತೇವವಿದೆಯೇ ಎಂದು ಪರೀಕ್ಷಿಸತಕ್ಕದ್ದು.